ನೀರು ಏರಿದ ದಿನದಿಂದ ಲೆಕ್ಕ

2025ರ ಜುಲೈ 14ರಂದು ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆಯನ್ನು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಸಮಾರಂಭಕ್ಕೆ ಹೋಗಲಿಲ್ಲ. ಆಹ್ವಾನ ಯಾವಾಗ ಬಂತು, ಹೇಗೆ ಬಂತು ಎಂಬ ತಕರಾರೇ ಸೇತುವೆಗಿಂತ ದೊಡ್ಡ ಸುದ್ದಿಯಾಯಿತು. ಶರಾವತಿ ಹಿನ್ನೀರಿನ ಮೇಲೆ 2.44 ಕಿ.ಮೀ. ಉದ್ದಕ್ಕೆ, 16 ಮೀಟರ್ ಅಗಲಕ್ಕೆ ಚಾಚಿಕೊಂಡಿರುವ, ಜನ ಸಿಗಂದೂರು ಸೇತುವೆ ಎಂದೇ ಕರೆಯುವ ಇದಕ್ಕೆ ₹470 ಕೋಟಿಗೂ ಹೆಚ್ಚು ಖರ್ಚಾಗಿದೆ. ಶ್ರೇಯಸ್ಸು ಯಾರದು ಎಂದು ಕಚ್ಚಾಡಿದ ಎರಡೂ ಪಕ್ಷಗಳು ಒಂದು ವಿಷಯದಲ್ಲಿ ಮಾತ್ರ ಒಮ್ಮತದಲ್ಲಿದ್ದವು: ಇದು ದ್ವೀಪದ ಜನರಿಗೆ ಸಿಕ್ಕ ಕೊಡುಗೆ. ನನ್ನ ತಕರಾರು ಇರುವುದೇ ಅಲ್ಲಿ. ಎಲ್ಲರೂ ಸೇತುವೆಯ ಕಥೆಯನ್ನು 2018ರ ಶಂಕುಸ್ಥಾಪನೆಯಿಂದ ಶುರು ಮಾಡುತ್ತಾರೆ. ಅದನ್ನು ಶುರು ಮಾಡಬೇಕಾದದ್ದು ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತ 1964ರಿಂದ. ಹಾಗೆ ನೋಡಿದರೆ ಇದು ಕೊಡುಗೆಯಲ್ಲ, ಅರುವತ್ತೊಂದು ವರ್ಷ ತಡವಾಗಿ ಮುಗಿದ ಅಣೆಕಟ್ಟಿನ ಕಾಮಗಾರಿ.

ತುಮರಿ, ಬ್ಯಾಕೋಡು, ಕಳಸವಳ್ಳಿ ಮೊದಲಿನಿಂದ ದ್ವೀಪಗಳಾಗಿರಲಿಲ್ಲ. ಕರೂರು, ಬಾರಂಗಿ ಹೋಬಳಿಗಳ ಜನ ಸಾಗರದ ಸಂತೆಗೆ, ಆಸ್ಪತ್ರೆಗೆ, ಕೋರ್ಟಿಗೆ ನೆಲದ ಮೇಲೇ ಹೋಗಿಬರುತ್ತಿದ್ದರು. ಮೊದಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಬಂತು. ಆಮೇಲೆ ಅದನ್ನೂ ಮುಳುಗಿಸಿದ ಲಿಂಗನಮಕ್ಕಿ ಬಂತು. ಬೇಸಿಗೆಯಲ್ಲಿ ಹಿನ್ನೀರು ತಗ್ಗಿದಾಗ ಆ ಹಳೆಯ ಅಣೆಕಟ್ಟು ಈಗಲೂ ಮೇಲೆದ್ದು ಕಾಣುತ್ತದೆ, ನೋಡಲು ಪ್ರವಾಸಿಗರೂ ಹೋಗುತ್ತಾರೆ. 1,819 ಅಡಿಯ ಪೂರ್ಣಮಟ್ಟದವರೆಗೆ ನೀರು ಏರಿದಾಗ ಸರ್ಕಾರದ ಕಡತದಲ್ಲಿ ಜನ ಎರಡು ಭಾಗವಾದರು. ಮನೆ, ಗದ್ದೆ, ತೋಟ ಮುಳುಗಿದವರು ಮುಳುಗಡೆ ಸಂತ್ರಸ್ತರು. ಅವರಿಗೆ ಪರಿಹಾರವೆಂದೋ ಕಾಡಿನಲ್ಲಿ ಬದಲಿ ಜಾಗವೆಂದೋ ಏನೋ ಒಂದು ಸಿಕ್ಕಿತು. ಆ ಜಾಗಗಳ ಹಕ್ಕುಪತ್ರದ ಜಗಳ ಇಂದಿಗೂ ಮುಗಿದಿಲ್ಲ ಎಂಬುದು ಬೇರೆ ಮಾತು. ಗೇಣಿದಾರರ ಕಾಗೋಡು ಸತ್ಯಾಗ್ರಹ 1951ರಲ್ಲೇ ನಡೆದಿದ್ದರೂ ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿದ ಕಾನೂನು ಬಂದದ್ದು 1974ರಲ್ಲಿ. ಮುಳುಗಡೆಯ ಹೊತ್ತಿಗೆ ಗೇಣಿದಾರನ ಹೆಸರಿನಲ್ಲಿ ಮುಳುಗಲು ಭೂಮಿಯೇ ಇರಲಿಲ್ಲ. ಎರಡನೆಯ ಗುಂಪಿನವರು ನೀರಿನ ಅಂಚಿನಿಂದ ಮೇಲೆ ಉಳಿದವರು. ಅವರ ತೋಟ ಮುಳುಗಲಿಲ್ಲ, ಮನೆ ಮುಳುಗಲಿಲ್ಲ, ಆದ್ದರಿಂದ ಲೆಕ್ಕದ ಪ್ರಕಾರ ಅವರಿಗೆ ಏನೂ ಆಗಲಿಲ್ಲ. ಅವರಿಗೆ ಮುಳುಗಿದ್ದು ದಾರಿ. ದಾರಿಗೆ ಸರ್ವೆ ನಂಬರು ಇರಬಹುದು, ಆದರೆ ಪರಿಹಾರ ಕೇಳಲು ಅದಕ್ಕೊಬ್ಬ ಖಾತೆದಾರ ಇರುವುದಿಲ್ಲ.

ಮನುಷ್ಯರೇ ತಂದ ನೀರು ರಸ್ತೆಯನ್ನು ಕಡಿದಾಗ ಅದನ್ನು ಮತ್ತೆ ಜೋಡಿಸುವ ಹೊಣೆ ಯಾರದು ಎಂಬ ಪ್ರಶ್ನೆ ಶರಾವತಿಯದು ಮಾತ್ರವಲ್ಲ. ಪನಾಮಾ ಕಾಲುವೆ 1914ರಲ್ಲಿ ಹಡಗುಗಳಿಗೆ ತೆರೆದಾಗ ಎರಡು ಸಾಗರಗಳು ಕೂಡಿದವು, ಒಂದು ದೇಶ ನಡುವೆ ಸೀಳಿಹೋಯಿತು. ಪನಾಮಾ ನಗರ ಒಂದು ದಡದಲ್ಲಿ, ದೇಶದ ಬಹುಪಾಲು ಹೊಲಗದ್ದೆಗಳು ಇನ್ನೊಂದು ದಡದಲ್ಲಿ. 1932ರಿಂದ ವಾಹನಗಳನ್ನು ದಾಟಿಸುವ ಥ್ಯಾಚರ್ ಫೆರಿ ಇತ್ತು. ಸೇತುವೆ ಬರುವವರೆಗೆ ಹಿನ್ನೀರು ದಾಟಿಸುತ್ತಿದ್ದ ನಮ್ಮ ಅಂಬಾರಗೋಡ್ಲಿನ ಲಾಂಚಿನಂತೆ ಅಲ್ಲಿಯೂ ಸರದಿಯಲ್ಲಿ ಕಾಯುವುದು ಬದುಕಿನ ಭಾಗವಾಗಿತ್ತು. ಸೇತುವೆ ಕಟ್ಟುವ ಮಾತು 1955ರಲ್ಲಿ ಅಮೆರಿಕ ಮತ್ತು ಪನಾಮಾ ನಡುವಿನ ಒಪ್ಪಂದದೊಳಗೆ ಸೇರಿತು. 1962ರ ಅಕ್ಟೋಬರ್ 12ರಂದು 1,654 ಮೀಟರ್ ಉದ್ದದ ‘ಅಮೆರಿಕಗಳ ಸೇತುವೆ’ ತೆರೆಯಿತು. ಕಾಲುವೆ ಮುಗಿದು ನಲವತ್ತೆಂಟು ವರ್ಷ ಆಗಿತ್ತು. ಅದೂ ತಡವೇ. ಆದರೆ ಅಲ್ಲಿ ಬೇಡಿಕೆ ಇಟ್ಟದ್ದು ಒಂದು ದೇಶ. ಅದಕ್ಕೆ ಮಾತುಕತೆಯ ಮೇಜಿನಲ್ಲಿ ಕುರ್ಚಿಯಿತ್ತು, ಸಹಿ ಹಾಕುವ ಅಧಿಕಾರವಿತ್ತು, ಕಾಲುವೆಯ ಒಪ್ಪಂದ ತಿದ್ದಬೇಕಾದರೆ ಅದರ ಸಮ್ಮತಿ ಬೇಕಿತ್ತು. ತುಮರಿಯ ಜನರ ಬಳಿ ಇದ್ದದ್ದು ಮನವಿಪತ್ರ. ವಿದ್ಯುತ್ ಉತ್ಪಾದನೆಗೆ ಅವರ ಒಪ್ಪಿಗೆ ಬೇಕಿರಲಿಲ್ಲ. ಎರಡು ಕಡೆಯ ತಡದಲ್ಲಿ ಕಾಣುವ ಹದಿಮೂರು ವರ್ಷಗಳ ಅಂತರಕ್ಕೆ ಎಂಜಿನಿಯರಿಂಗ್‌ಗಿಂತ ಇದೇ ಹೆಚ್ಚಿನ ಕಾರಣ.

ಅರುವತ್ತರ ದಶಕದಲ್ಲಿ ದೇಶಕ್ಕೆ ಅನ್ನಕ್ಕೇ ತತ್ವಾರ, ವಿದೇಶಿ ವಿನಿಮಯ ಇರಲಿಲ್ಲ, ಹಿನ್ನೀರಿನ ಮೇಲೆ ಎರಡೂವರೆ ಕಿಲೋಮೀಟರ್ ಸೇತುವೆ ಕಟ್ಟುವುದೆಲ್ಲಿಂದ ಎಂದು ಕೇಳುವವರಿದ್ದಾರೆ. ಮಾತು ಪೂರ್ತಿ ಸುಳ್ಳಲ್ಲ. ಪನಾಮಾದಲ್ಲಿ ಸವಾಲು ಹಡಗುಗಳ ಎತ್ತರ: ಸಮುದ್ರ ಉಬ್ಬರದಲ್ಲಿದ್ದಾಗಲೂ ಕೆಳಗೆ ಅರುವತ್ತು ಮೀಟರಿಗೂ ಮಿಕ್ಕಿ ತೆರವು ಬೇಕಿತ್ತು. ಸೂಯೆಜ್ ಮೇಲೆ ಜಪಾನಿನ ನೆರವಿನಿಂದ 2001ರಲ್ಲಿ ತೆರೆದ ಸೇತುವೆಯಲ್ಲಿ ಈ ತೆರವು 70 ಮೀಟರ್. ಶರಾವತಿಯಲ್ಲಿ ಹಡಗಿಲ್ಲ, ಆದರೆ ಮಳೆಗಾಲಕ್ಕೆ ತುಂಬಿ ಬೇಸಿಗೆಗೆ ಇಳಿಯುವ ನೀರಿದೆ, ಅದರಡಿ ಮುಳುಗಿದ ಕಣಿವೆಯಿದೆ. ಅಷ್ಟು ಆಳದಲ್ಲಿ ಕೆಳಗಿನಿಂದ ಆಧಾರ ಕೊಟ್ಟು ಕಾಂಕ್ರೀಟ್ ಹಾಕಲು ಆಗುವುದಿಲ್ಲ. ಆದ್ದರಿಂದ ಪ್ರತಿ ಕಂಬದಿಂದ ಎರಡೂ ಬದಿಗೆ ತೂಕ ಸಮನಾಗಿರುವಂತೆ ತುಂಡುತುಂಡಾಗಿ ಸೇತುವೆಯನ್ನು ಬೆಳೆಸುತ್ತ ಹೋದರು. ನಡುಭಾಗವನ್ನು ಗೋಪುರಗಳಿಂದ ಇಳಿದ ಕೇಬಲ್‌ಗಳು ಹಿಡಿದಿವೆ. ಇದು ದುಬಾರಿ ಕೆಲಸ, ಒಪ್ಪಿಕೊಳ್ಳೋಣ. ಆದರೆ ಬಡತನ ಮೊದಲ ಹತ್ತು ವರ್ಷಕ್ಕೆ ಉತ್ತರವಾದೀತು, ಇಪ್ಪತ್ತಕ್ಕೂ ಆದೀತು. ಅದೇ ಅವಧಿಯಲ್ಲಿ ಶರಾವತಿ ಜಲವಿದ್ಯುದಾಗಾರ ಹತ್ತು ಘಟಕಗಳ 1,035 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದು, ರಾಜ್ಯದಲ್ಲೇ ಅತ್ಯಂತ ಅಗ್ಗದ ಕರೆಂಟು ಕೊಡುವ ಕೇಂದ್ರಗಳಲ್ಲಿ ಒಂದಾಯಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಿಇಎಲ್, ಎಚ್‌ಎಂಟಿ ಬೆಳೆದದ್ದು, ಆ ನೌಕರರಿಗಾಗಿ ವಿದ್ಯಾರಣ್ಯಪುರದಂಥ ಬಡಾವಣೆಗಳು ಎದ್ದದ್ದು ರಾಜ್ಯ ಜೋಗ ಮತ್ತು ಶರಾವತಿಯ ವಿದ್ಯುತ್ತನ್ನೇ ನೆಚ್ಚಿಕೊಂಡಿದ್ದ ಕಾಲದಲ್ಲಿ. ಆ ಅಗ್ಗದ ದರದೊಳಗೆ ಸೇತುವೆಯ ಖರ್ಚು ಸೇರಿರಲಿಲ್ಲ. ಅದನ್ನು ಕರೂರು ಹೋಬಳಿಯವರು ಲಾಂಚಿಗೆ ಕಾಯುತ್ತ ತುಂಬಿದರು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಅಷ್ಟು ಕಡಿಮೆ ಜನಕ್ಕೆ ಅಷ್ಟು ದುಡ್ಡೇ? ಬೆಂಗಳೂರಿನ ಹೆಬ್ಬಾಳದಲ್ಲಿ 2003ರಲ್ಲಿ ತೆರೆದ ಮೇಲ್ಸೇತುವೆ ತುಂಬಿ ತುಳುಕಿ, ಅದಕ್ಕೆ ಹೊಸ ಕವಲು ಸೇರಿಸುತ್ತಲೇ ಇದ್ದಾರೆ. ಅಲ್ಲಿ ಒಂದು ಗಂಟೆಯಲ್ಲಿ ಸಾಗುವಷ್ಟು ವಾಹನ ಇಲ್ಲಿ ಎಷ್ಟು ದಿನಕ್ಕೆ ಬಂದೀತು? ವಾಹನಗಳ ಎಣಿಕೆಯಿಂದ ನೋಡಿದರೆ ಇದಕ್ಕೆ ಉತ್ತರವಿಲ್ಲ. ಆದರೆ ಲಾಂಚು ಹಗಲಿಗೆ ಮಾತ್ರ ಇದ್ದಾಗ ರಾತ್ರಿ ಹೆರಿಗೆ ನೋವು ಬಂದವರಿಗೆ ಸುತ್ತುದಾರಿಯೇ ಗತಿ. ಮಳೆ ತಡವಾದ ವರ್ಷಗಳಲ್ಲಿ ನೀರು ತಳ ಕಂಡು ಲಾಂಚಿನಲ್ಲಿ ವಾಹನ ಸಾಗಿಸುವುದನ್ನೇ ನಿಲ್ಲಿಸಿದ್ದುಂಟು. ದಾಟಲಾಗದೆ ಉಳಿದವರನ್ನು ಯಾವ ಟ್ರಾಫಿಕ್ ಸರ್ವೆಯೂ ಎಣಿಸುವುದಿಲ್ಲ. ಇನ್ನು ಕೆಲವರು ಹೇಳುವಂತೆ, ಸಿಗಂದೂರು ಚೌಡೇಶ್ವರಿಯ ಭಕ್ತರು ಹೆಚ್ಚದಿದ್ದರೆ, ರಸ್ತೆ ರಾಷ್ಟ್ರೀಯ ಹೆದ್ದಾರಿಯ ಪಟ್ಟಿಗೆ ಸೇರದಿದ್ದರೆ ಸೇತುವೆ ಬರುತ್ತಲೇ ಇರಲಿಲ್ಲ. ಇದು ನಿಜವೆಂದೇ ನನಗೂ ಅನಿಸುತ್ತದೆ. ನನ್ನ ವಾದಕ್ಕೆ ಇದು ಅಡ್ಡಿಯಲ್ಲ, ಪುರಾವೆ. ದಶಕಗಟ್ಟಲೆ ಕಾದ ಊರಿನವರ ಅಹವಾಲು ತಾನಾಗಿಯೇ ತೂಗಲಿಲ್ಲ, ಹೊರಗಿನಿಂದ ಬರುವವರ ಕಾರುಗಳು ಸೇರಿದ ಮೇಲಷ್ಟೇ ತೂಗಿತು. ದೇವಿಯ ದಯೆಯಿಂದ ಬಂತು ಎಂದು ಭಕ್ತರು ಹೇಳಿದರೆ ಆಡಳಿತಶಾಸ್ತ್ರದವರು ಅಲ್ಲಗಳೆಯುವುದು ಕಷ್ಟ.

ಹಳೆಯ ಲೆಕ್ಕವನ್ನು ಈಗ ಕೆದಕುವುದಕ್ಕೆ ಕಾರಣ ಮುಂದಿನ ಯೋಜನೆಗಳು. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ತರುವ ಮಾತು 2019ರಲ್ಲಿ ಎದ್ದಾಗ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸಿಂಗಳೀಕಗಳ ಅಭಯಾರಣ್ಯದಲ್ಲಿ ಮಾಡಹೊರಟಿದ್ದಾರೆ. ಎರಡರ ಫಲಾನುಭವಿಗಳೂ ಬಹುಮಟ್ಟಿಗೆ ಘಟ್ಟದವರಲ್ಲ, ನಮ್ಮಂಥ ನಗರದವರು. ಪರ ವಿರೋಧ ಏನೇ ಇರಲಿ, ಇಂಥ ಯೋಜನೆಯ ಅಂದಾಜುಪಟ್ಟಿಯಲ್ಲಿ ಮುಳುಗುವ ಎಕರೆಗಳ ಪಕ್ಕದಲ್ಲೇ ಕಡಿದುಹೋಗುವ ದಾರಿಗಳ ಪಟ್ಟಿಯೂ ಇರಬೇಕು, ಅವುಗಳನ್ನು ಜೋಡಿಸುವ ಖರ್ಚು ಯೋಜನೆಯ ಖರ್ಚಿನೊಳಗೇ ಸೇರಬೇಕು, ಜೋಡಿಸುವ ಕೆಲಸ ಮುಗಿಯದೆ ಯೋಜನೆ ಮುಗಿಯಿತೆಂದು ಘೋಷಿಸಬಾರದು. ಆಗದ ಹೋಗದ ಷರತ್ತೇನೂ ಅಲ್ಲ ಇದು. ಸಿಗಂದೂರು ಸೇತುವೆ ಉದ್ಘಾಟನೆಯಾದ ದಿನವೂ ಅದೇ ಹಿನ್ನೀರಿನ ಹಸಿರುಮಕ್ಕಿಯಲ್ಲಿ ಇನ್ನೊಂದು ಸೇತುವೆಯ ಕೆಲಸ ಮುಗಿದಿರಲಿಲ್ಲ. ಅಲ್ಲಿ ಜನ ಲಾಂಚಿನಲ್ಲೇ ದಾಟುತ್ತಿದ್ದರು.