ನ್ಯೂಟ್ರಾನಿನ ವೇಗವಿಳಿತದ ಗಣಿತ

ಯುರೇನಿಯಂ-235ರ ನ್ಯೂಕ್ಲಿಯಸ್ ಒಡೆದಾಗ ಸಿಡಿಯುವ ನ್ಯೂಟ್ರಾನುಗಳ ಸರಾಸರಿ ಶಕ್ತಿ ಸುಮಾರು 20 ಲಕ್ಷ ಎಲೆಕ್ಟ್ರಾನ್ ವೋಲ್ಟ್‌ಗಳಷ್ಟಿದ್ದು, ಅದು 0.025 ಎಲೆಕ್ಟ್ರಾನ್ ವೋಲ್ಟ್‌ನ ಸಮೀಪಕ್ಕೆ, ಎಂದರೆ ಎಂಟು ಕೋಟಿಯಲ್ಲೊಂದು ಪಾಲಿಗೆ ಇಳಿದಾಗ ಮತ್ತೊಂದು ನ್ಯೂಕ್ಲಿಯಸ್ಸನ್ನು ಒಡೆಯುವ ಸಾಧ್ಯತೆ ನೂರಾರು ಪಟ್ಟು ಹೆಚ್ಚುತ್ತದೆ. ಈ ಇಳಿತವನ್ನು ಸಾಧಿಸಲು ರಿಯಾಕ್ಟರಿನಲ್ಲಿ ಬಳಸುವ ವಸ್ತುವಿಗೆ ಮಂದಕ ಎಂದು ಹೆಸರು. ಉತ್ತರ ಕನ್ನಡದ ಕೈಗಾ ಸ್ಥಾವರದಲ್ಲಿ ಆ ಕೆಲಸವನ್ನು ಭಾರಜಲ ಮಾಡುತ್ತದೆ.

ಪ್ರತಿ ಡಿಕ್ಕಿಯಲ್ಲಿ ನ್ಯೂಟ್ರಾನ್ ಕಳೆದುಕೊಳ್ಳುವ ಶಕ್ತಿಯು ಎದುರಿನ ನ್ಯೂಕ್ಲಿಯಸ್ಸಿನ ತೂಕವನ್ನೂ ಡಿಕ್ಕಿಯ ಕೋನವನ್ನೂ ಅವಲಂಬಿಸುತ್ತದೆ. ಹೆಚ್ಚುಕಡಿಮೆ ತನ್ನಷ್ಟೇ ತೂಕದ ಹೈಡ್ರೋಜನ್ನಿಗೆ ನೇರವಾಗಿ ಬಡಿದರೆ ಇಡೀ ಶಕ್ತಿಯನ್ನು ಅದಕ್ಕೆ ಬಿಟ್ಟುಕೊಡಬಲ್ಲ ನ್ಯೂಟ್ರಾನ್, ಹನ್ನೆರಡು ಪಟ್ಟು ಭಾರದ ಕಾರ್ಬನ್ನಿಗೆ ಬಡಿದಾಗ ಹೆಚ್ಚೆಂದರೆ ಶೇ. 28ರಷ್ಟನ್ನು ಕಳೆದುಕೊಳ್ಳುತ್ತದೆ. ನಷ್ಟದ ಮೊತ್ತ ಡಿಕ್ಕಿಯಿಂದ ಡಿಕ್ಕಿಗೆ ಕುಗ್ಗುತ್ತ ಹೋದರೂ ಅದರ ಸರಾಸರಿ ಅನುಪಾತ ಬದಲಾಗದಿರುವುದರಿಂದ, ಶಕ್ತಿಯ ಬದಲು ಅದರ ಲಘುಗಣಕವನ್ನು ಅಳತೆಯಾಗಿ ಹಿಡಿದರೆ ಪ್ರತಿ ಡಿಕ್ಕಿಯೂ ಸರಾಸರಿಯಲ್ಲಿ ಒಂದೇ ಎತ್ತರದ ಮೆಟ್ಟಿಲಾಗುತ್ತದೆ. ಈ ಅಳತೆಯಲ್ಲಿ ಇಡೀ ಇಳಿತ ಸುಮಾರು 18.2, ಒಂದು ಮೆಟ್ಟಿಲು ಹೈಡ್ರೋಜನ್ನಿಗೆ 1, ಭಾರಜಲದ ಡ್ಯೂಟೀರಿಯಮ್ಮಿಗೆ 0.725, ಕಾರ್ಬನ್ನಿಗೆ 0.158. ಹೀಗೆ ಕ್ರಮವಾಗಿ ಸುಮಾರು 18, 25 ಮತ್ತು 115 ಡಿಕ್ಕಿಗಳು ಬೇಕೆಂಬುದು ಬರಿಯ ಭಾಗಾಕಾರದಿಂದಲೇ ತಿಳಿಯುತ್ತದೆ. ಡ್ಯೂಟೀರಿಯಮ್ ನ್ಯೂಟ್ರಾನುಗಳನ್ನು ಬಹಳ ವಿರಳವಾಗಿ ಹೀರುವುದರಿಂದ ಆ ಕೆಲವು ಹೆಚ್ಚುವರಿ ಡಿಕ್ಕಿಗಳು ಹೊರೆಯಾಗುವುದಿಲ್ಲ.

ಮೆಟ್ಟಿಲುಗಳು ಚಿಕ್ಕವಾಗಿದ್ದರೆ ಇಳಿತವನ್ನು ಎಡೆಬಿಡದ ಇಳಿಜಾರೆಂದೇ ಭಾವಿಸಬಹುದೆಂಬುದು, 1934ರಲ್ಲಿ ರೋಮ್‌ನಲ್ಲಿ ನಿಧಾನ ನ್ಯೂಟ್ರಾನುಗಳ ಪ್ರಭಾವವನ್ನು ಕಂಡುಹಿಡಿದ ಎನ್ರಿಕೊ ಫರ್ಮಿಯವರ ಸಿದ್ಧಾಂತದ ತಿರುಳು. ಆಗ ನ್ಯೂಟ್ರಾನುಗಳ ಹರಡುವಿಕೆಯ ಸಮೀಕರಣವು ಲೋಹದಲ್ಲಿ ಶಾಖ ಹರಡುವ ಸಮೀಕರಣದ ರೂಪವನ್ನೇ ತಾಳಿ, ಅಲ್ಲಿ ಕಾಲವಿದ್ದ ಜಾಗಕ್ಕೆ ಇಲ್ಲಿ ಫರ್ಮಿ ವಯಸ್ಸು ಎಂಬ ರಾಶಿ ಬರುತ್ತದೆ. ಹೆಸರು ವಯಸ್ಸಾದರೂ ಅದರ ಏಕಮಾನ ಚದರ ಸೆಂಟಿಮೀಟರ್: ನ್ಯೂಟ್ರಾನ್ ಹುಟ್ಟಿದ ತಾಣಕ್ಕೂ ನಿಧಾನಗೊಂಡ ತಾಣಕ್ಕೂ ನಡುವಣ ನೇರ ದೂರದ ವರ್ಗದ ಸರಾಸರಿಯಲ್ಲಿ ಆರನೆಯ ಒಂದು ಪಾಲು. ಗ್ರಾಫೈಟಿನಲ್ಲಿ ಇದು ಸುಮಾರು 368 ಆಗಿರುವುದರಿಂದ ಆ ದೂರ ಅರ್ಧ ಮೀಟರಿನ ಸಮೀಪ ಬರುತ್ತದೆ. ಸರಣಿ ಕ್ರಿಯೆ ನಿಲ್ಲದೆ ನಡೆಯಲು ರಿಯಾಕ್ಟರ್ ಎಷ್ಟು ದೊಡ್ಡದಿರಬೇಕೆಂಬ ಲೆಕ್ಕಕ್ಕೆ ಇದು ಅಗತ್ಯ.

ಒಂದೇ ಏಟಿಗೆ ಎಲ್ಲವನ್ನೂ ಕಸಿಯಬಲ್ಲ ಹೈಡ್ರೋಜನ್ನಿಗೆ ಮಾತ್ರ ಈ ಇಳಿಜಾರಿನ ಕಲ್ಪನೆ ಹೊಂದುವುದಿಲ್ಲ. ಮೇಲಾಗಿ 6.67 ಎಲೆಕ್ಟ್ರಾನ್ ವೋಲ್ಟ್‌ನಂಥ ಕೆಲವು ಕಿರಿದಾದ ಶಕ್ತಿಪಟ್ಟಿಗಳಲ್ಲಿ ಯುರೇನಿಯಂ-238 ನ್ಯೂಟ್ರಾನುಗಳನ್ನು ತೀವ್ರವಾಗಿ ನುಂಗುವುದರಿಂದ, ಎಷ್ಟು ನ್ಯೂಟ್ರಾನುಗಳು ಅವನ್ನು ಜಿಗಿದು ಪಾರಾಗುತ್ತವೆ ಎಂಬುದನ್ನು ಬೇರೆಯಾಗಿಯೇ ಲೆಕ್ಕಹಾಕಬೇಕಾಗುತ್ತದೆ. ಸ್ಟಾನಿಸ್ಲಾವ್ ಉಲಮ್ ಮತ್ತು ಜಾನ್ ವಾನ್ ನಾಯ್ಮನ್ 1940ರ ದಶಕದಲ್ಲಿ ರೂಪಿಸಿದ ಮಾಂಟೆ ಕಾರ್ಲೊ ವಿಧಾನ ಇಂಥ ತೊಡಕುಗಳನ್ನು ಬೇರೊಂದು ದಾರಿಯಿಂದ ಬಿಡಿಸುತ್ತದೆ: ಪ್ರತಿ ಡಿಕ್ಕಿಯ ಫಲವನ್ನು ಯಾದೃಚ್ಛಿಕ ಸಂಖ್ಯೆಯಿಂದ ನಿರ್ಧರಿಸುತ್ತ ಲಕ್ಷಾಂತರ ಕಲ್ಪಿತ ನ್ಯೂಟ್ರಾನುಗಳ ಜೀವನವನ್ನು ಕಂಪ್ಯೂಟರಿನಲ್ಲಿ ನಡೆಸಿ, ಅವುಗಳ ಸರಾಸರಿಯನ್ನು ಉತ್ತರವಾಗಿ ಪಡೆಯುವುದು. ಆದರೂ ಕಂಪ್ಯೂಟರ್ ಕೊಡುವ ಉತ್ತರ ಏಕೆ ಹಾಗಿದೆ ಎಂಬುದನ್ನು ಅರಿಯಲು ಲಘುಗಣಕದ ಮೆಟ್ಟಿಲು ಮತ್ತು ಫರ್ಮಿ ವಯಸ್ಸು ಇಂದಿಗೂ ಬೇಕು.