ನೆತ್ತಿ ಮೇಲೆ ಬಿಸಿಲು, ಕೆಳಗೆ ಡೀಸೆಲ್ ಹೊಗೆ

ಬೆಂಗಳೂರಿನ ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯ ಚಾವಣಿ ತುಂಬ ಸೋಲಾರ್ ಫಲಕಗಳು. ನೆತ್ತಿ ಸುಡುವ ಬಿಸಿಲು. ಕೆಳಗೆ ಮಾತ್ರ ಜನರೇಟರ್ ಹೊಗೆ ಕಾರುತ್ತಿತ್ತು. ‘ಕರೆಂಟ್ ಹೋಯ್ತಲ್ಲ ಸಾರ್, ಸೋಲಾರೂ ಹೋಯ್ತು’ ಎಂದರು ಮಾಲೀಕರು, ಏನೂ ಆಗಿಲ್ಲವೆಂಬಂತೆ. ನನಗಿನ್ನೂ ಆ ವಿಚಿತ್ರದ ಗುಂಗು ಬಿಟ್ಟಿಲ್ಲ.

ವಿದ್ಯುತ್ ಕಂಪನಿ ಬೆಸ್ಕಾಂನ ಲೈನ್ ಸತ್ತ ಕೂಡಲೇ ಚಾವಣಿಯ ಇನ್ವರ್ಟರ್ ತಾನೂ ನಿಲ್ಲಬೇಕೆಂಬುದು ನಿಯಮ. ಇಲ್ಲದಿದ್ದರೆ, ಲೈನ್ ಆಫ್ ಆಗಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಕಾರ್ಖಾನೆ ಕಡೆಯಿಂದ ಶಾಕ್ ಹೊಡೆದೀತು. ಅದೂ ಅಲ್ಲದೆ ಮಾಮೂಲಿ ಇನ್ವರ್ಟರ್‌ಗೆ ಸ್ವಂತ ತಾಳವಿಲ್ಲ. ಗ್ರಿಡ್ಡಿನ 50 ಹರ್ಟ್ಸ್ ಕೇಳಿಸಿಕೊಂಡೇ ಅದು ಹೆಜ್ಜೆ ಹಾಕುವುದು. ಜನರೇಟರ್ ಜತೆ ಓಡಿಸಬಹುದು, ಅದಕ್ಕೆ ಬೇರೆ ಕಂಟ್ರೋಲರ್ ಬೇಕು. ಏಕೆಂದರೆ ಬಿಸಿಲೇರಿ ಜನರೇಟರ್ ಮೇಲಿನ ಲೋಡ್ ತೀರಾ ಇಳಿದರೆ ಎಂಜಿನ್ನಿಗೇ ಕೇಡು. ತಾಳ ಹಾಕಿಕೊಡಬಲ್ಲ ಬ್ಯಾಟರಿಯೂ ಲೈನಿನಿಂದ ಬೇರ್ಪಡಿಸುವ ಸ್ವಿಚ್ಚೂ ಇದ್ದರೆ, ಪವರ್ ಕಟ್ ಆದ ಗಳಿಗೆಯಲ್ಲಿ ಆ ಕಾರ್ಖಾನೆಯೇ ಒಂದು ದ್ವೀಪ.

ನಿಜವಾದ ದ್ವೀಪದ ಲೆಕ್ಕ ಸಲೀಸು. ಲಕ್ಷದ್ವೀಪಕ್ಕೆ ಡೀಸೆಲ್ ಹಡಗಿನಲ್ಲೇ ಬರಬೇಕು. 2024ರಲ್ಲಿ ಕವರತ್ತಿಯಲ್ಲಿ ಸೋಲಾರ್ ಘಟಕದೊಂದಿಗೆ ಉದ್ಘಾಟನೆಯಾದಂಥ ಬ್ಯಾಟರಿಗೆ ಅಲ್ಲಿ ದಿನವೂ ಕೆಲಸವುಂಟು.

ಪೀಣ್ಯದಲ್ಲಿ? ಲೀಟರ್ ಡೀಸೆಲ್‌ಗೆ ಸಿಗುವುದು ಮೂರು, ಹೆಚ್ಚೆಂದರೆ ಮೂರೂವರೆ ಯೂನಿಟ್. ಲೀಟರಿಗೆ 90 ರೂಪಾಯಿ ಹಿಡಿದರೆ ಯೂನಿಟ್‌ಗೆ 26ರಿಂದ 30. ಬೆಸ್ಕಾಂ ದರ ಏಳರ ಆಸುಪಾಸು ಎಂದು ಹಿಡಿಯೋಣ. ಉಳಿತಾಯ 20 ರೂಪಾಯಿ ಎನ್ನೋಣ. ಒಂದು ಯೂನಿಟ್ ಹಿಡಿಯುವ ಬ್ಯಾಟರಿಗೆ 15,000 ಎಂದಿಟ್ಟುಕೊಳ್ಳಿ. ವರ್ಷದಲ್ಲಿ 300 ದಿನ ಕರೆಂಟ್ ಹೋದರೆ ಎರಡೂವರೆ ವರ್ಷಕ್ಕೆ ಅಸಲು ವಾಪಸ್. ಮೂವತ್ತೇ ದಿನ ಹೋದರೆ 25 ವರ್ಷ! ಬೆಸ್ಕಾಂ ಸುಧಾರಿಸಿದಷ್ಟೂ ಬ್ಯಾಟರಿ ನಷ್ಟದ ಬಾಬತ್ತು. ರಾತ್ರಿಯ ಅಗ್ಗದ ಕರೆಂಟ್ ತುಂಬಿಟ್ಟು ಸಂಜೆ ಬಳಸಿ ಎಂಬ ಮಾರಾಟಗಾರರ ಸಲಹೆಯನ್ನು ನಾನಂತೂ ನಂಬುವುದಿಲ್ಲ. ಸಂಜೆ ಒಂದು ರೂಪಾಯಿ ಹೆಚ್ಚು, ರಾತ್ರಿ ಒಂದು ರೂಪಾಯಿ ಕಡಿಮೆ ಎಂದೇ ಇಟ್ಟುಕೊಳ್ಳಿ. ಆ ಎರಡು ರೂಪಾಯಿಯಲ್ಲಿ ದಿನವೂ ದುಡಿದರೂ 20 ವರ್ಷ ದಾಟುತ್ತದೆ, ಅಷ್ಟರೊಳಗೆ ಬ್ಯಾಟರಿಗೇ ಮುಪ್ಪು.

ಬ್ಯಾಟರಿ ಬೆಲೆಯೇನೋ ಇಳಿಯುತ್ತಿದೆ. ಗ್ರಿಡ್ ಬ್ಯಾಟರಿಗಳ ಟೆಂಡರಿನಲ್ಲಿ ಮೆಗಾವ್ಯಾಟಿಗೆ ತಿಂಗಳ ಬಾಡಿಗೆ 2022ರಲ್ಲಿ 10.8 ಲಕ್ಷ ರೂಪಾಯಿ ಇದ್ದದ್ದು, 2024ರ ಕೊನೆಗೆ ಸರ್ಕಾರದ ನೆರವೂ ಸೇರಿ 2.2 ಲಕ್ಷದ ಸುತ್ತ ಬಂತು.

ಆದರೆ ಮಾಲೀಕರಿಗೆ ಉರಿಯುವುದು ಯೂನಿಟ್ ಲೆಕ್ಕಕ್ಕಲ್ಲ. ಕರೆಂಟ್ ಹೋಗಿ ಜನರೇಟರ್ ಹಿಡಿಯುವ ನಡುವಿನ ಕೆಲವೇ ಸೆಕೆಂಡಿನಲ್ಲಿ ಸಿಎನ್‌ಸಿ ಯಂತ್ರ ನಿಂತು ಟೂಲ್ ಮುರಿಯುತ್ತದೆ, ಅರ್ಧ ಕೊರೆದ ಜಾಬ್ ಸ್ಕ್ರ್ಯಾಪ್ ಆಗುತ್ತದೆ. ಆ ಸೆಕೆಂಡುಗಳನ್ನು ಬ್ಯಾಟರಿ ತುಂಬಬಲ್ಲದು. ಬ್ಯಾಟರಿ ಕೊಳ್ಳಹೊರಟವರು ಮೊದಲು ತಮ್ಮ ಕಳೆದ ವರ್ಷದ ಡೀಸೆಲ್ ಬಿಲ್ಲನ್ನೂ ಸ್ಕ್ರ್ಯಾಪ್ ಪುಸ್ತಕವನ್ನೂ ತೆಗೆದು ನೋಡಲಿ. ಮಾರುವವರ ಕೊಟೇಶನ್ ಆಮೇಲೆ.