ವಾಪಸು ಬರುವಷ್ಟು ಇಂಧನ

ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಹಬ್ಬ. ಕೊಡಗಿನ ಮನೆಗಳಲ್ಲಿ ಕೋವಿಯನ್ನು ಒರೆಸಿಟ್ಟು, ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಅದರ ಬೆನ್ನಿಗೇ 7ನೇ ತಾರೀಖು ಬರುತ್ತದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಹುತಾತ್ಮರಾದ ದಿನ ಅದು. ಮಡಿಕೇರಿಯ ಹಳೇ ಖಾಸಗಿ ಬಸ್ ನಿಲ್ದಾಣದ ಹತ್ತಿರದ ವೃತ್ತಕ್ಕೆ ಅವರದೇ ಹೆಸರಿದೆ. ಈ ಲೇಖನ ಪರಿಚಯಿಸಹೊರಟಿರುವುದು ಮಾತ್ರ ಆಗ್ರಾದಲ್ಲಿರುವ ವಾಯುಪಡೆಯ 78ನೇ ಸ್ಕ್ವಾಡ್ರನ್ನನ್ನು. ಅದು ಬಾಂಬು ಹಾಕುವುದಿಲ್ಲ, ಗುಂಡು ಹಾರಿಸುವುದಿಲ್ಲ. ಆಕಾಶದಲ್ಲೇ ಬೇರೆ ವಿಮಾನಗಳಿಗೆ ಇಂಧನ ತುಂಬುವುದು ಅದರ ಕಸುಬು. ಹುಟ್ಟಿದ್ದು 2003ರ ಮಾರ್ಚ್‌ನಲ್ಲಿ, ದೇವಯ್ಯನವರು ತೀರಿಕೊಂಡು 37 ವರ್ಷ ಕಳೆದ ಮೇಲೆ. ಕಾಗದದ ಮೇಲೆ ಇಬ್ಬರಿಗೂ ಯಾವ ನಂಟೂ ಇಲ್ಲ. ಆದರೆ ಇಂಥದೊಂದು ಸ್ಕ್ವಾಡ್ರನ್ ಯಾಕಿರಬೇಕು ಎಂದು ಯಾರಾದರೂ ಕೇಳಿದರೆ, ಉತ್ತರವನ್ನು ಆಗ್ರಾಕ್ಕಿಂತ ಮೊದಲು ಮಡಿಕೇರಿಯಲ್ಲಿ ಹುಡುಕುವುದು ಒಳ್ಳೆಯದು.

1965ರ ಭಾರತ-ಪಾಕಿಸ್ತಾನ ಯುದ್ಧದ ಆ ಬೆಳಗು, ಇನ್ನೂ ಕತ್ತಲಿರುವಾಗಲೇ, 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಂಜಾಬಿನ ಆದಂಪುರದಿಂದ ಎದ್ದವು. ಗುರಿ ಪಾಕಿಸ್ತಾನದ ಸರಗೋಧಾ ವಾಯುನೆಲೆ, ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯ ಸ್ಟ್ಯಾಂಡ್‌ಬೈ ಪೈಲಟ್. ಯಾರದಾದರೂ ವಿಮಾನ ಕೈಕೊಟ್ಟರೆ ಆ ಜಾಗ ತುಂಬಬೇಕಾದವರು, ತುಂಬಿದರು. ಆದಂಪುರದಿಂದ ಸರಗೋಧಾಕ್ಕೆ ನೇರ ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್. ಮಡಿಕೇರಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವ ದಾರಿಗಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಜೆಟ್ ವಿಮಾನಕ್ಕೆ ಇದೊಂದು ದೂರವೇ ಎನ್ನಿಸಬಹುದು. ಆದರೆ ರೇಡಾರ್ ಕಣ್ಣು ತಪ್ಪಿಸಲು ನೆಲಕ್ಕಂಟಿಕೊಂಡಂತೆ ಹಾರಬೇಕು. ಕೆಳಗಿನ ಗಾಳಿ ದಟ್ಟ, ಅಲ್ಲಿ ಜೆಟ್ ಎಂಜಿನ್ ಎತ್ತರದಲ್ಲಿ ಕುಡಿಯುವುದಕ್ಕಿಂತ ಎಷ್ಟೋ ಹೆಚ್ಚು ಇಂಧನ ಕುಡಿಯುತ್ತದೆ. ರೆಕ್ಕೆಯಡಿ ನೇತಾಡುವ ಶಸ್ತ್ರಗಳ ಭಾರ ಬೇರೆ. ಲೆಕ್ಕ ಹಾಕಿದರೆ ಹೋಗಿ, ಹೊಡೆದು, ಬರುವುದಕ್ಕೆ ಮಾತ್ರ ಸಾಲುವಷ್ಟು ಇಂಧನ. ದಾರಿಯಲ್ಲಿ ಕಾಳಗಕ್ಕಿಳಿದರೆ ವಾಪಸು ಬರಲಾಗದು ಎಂಬುದು ಎಲ್ಲರಿಗೂ ತಿಳಿದಿತ್ತು.

ದಾಳಿ ಮುಗಿಸಿ ತಿರುಗಿದ ಹೊತ್ತಿನಲ್ಲಿ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಓಡಿಸುತ್ತಿದ್ದ ಸ್ಟಾರ್‌ಫೈಟರ್ ಬೆನ್ನು ಹತ್ತಿತು. ಅದು ಶಬ್ದದ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರ್ ಮಟ್ಟಸವಾಗಿ ಹಾರುವಾಗ ಶಬ್ದದ ವೇಗವನ್ನೇ ಮುಟ್ಟದು. ದೇವಯ್ಯನವರ ವಿಮಾನಕ್ಕೆ ಏಟು ಬಿತ್ತು. ಅವರು ಓಡಲಿಲ್ಲ, ತಿರುಗಿ ನಿಂತರು, ಸ್ಟಾರ್‌ಫೈಟರನ್ನು ಕೆಡವಿದರು. ಅಮ್ಜದ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಬರಲಿಲ್ಲ. ಏನಾಯಿತೆಂದು ನಮ್ಮವರಿಗೆ ತಿಳಿಯಲೂ ಇಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ಮಾಹಿತಿ ಆಧರಿಸಿ ಬರೆದ ಪುಸ್ತಕ 1979ರಲ್ಲಿ ಹೊರಬಂದ ಮೇಲೆಯೇ ಗಂಟು ಬಿಚ್ಚಿಕೊಂಡದ್ದು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ತಡವಾಗಿ. (2025ರಲ್ಲಿ ತೆರೆಕಂಡ ಹಿಂದಿಯ ‘ಸ್ಕೈ ಫೋರ್ಸ್’ ಈ ಕಥೆಯನ್ನೇ ಹೇಳಿದರೂ ನಾಯಕನಿಗೆ ಬೇರೆ ಹೆಸರು, ಬೇರೆ ನಾಡು ಕೊಟ್ಟಿತು. ಕೊಡವರು ಮುನಿಸಿಕೊಂಡದ್ದರಲ್ಲಿ ತಪ್ಪೇನಿಲ್ಲ.) ಈ ಕಥೆಯನ್ನು ಧೈರ್ಯದ ಕಥೆಯಾಗಿ ಹೇಳುವುದು ರೂಢಿ. ಅದು ಸರಿಯೇ, ಆದರೆ ಅರ್ಧ. ಯುದ್ಧಕ್ಕೆ ಮುಂಚೆ ದೇವಯ್ಯ ಪೈಲಟ್‌ಗಳಿಗೆ ಪಾಠ ಹೇಳುವ ತರಬೇತುದಾರರಾಗಿದ್ದರು. ಇಂಧನದ ಮುಳ್ಳು ಎಲ್ಲಿಗೆ ಬಂದರೆ ಏನರ್ಥ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಏಟು ತಿಂದ ವಿಮಾನ, ಲೆಕ್ಕದಷ್ಟೇ ಇಂಧನ: ಇವೆರಡನ್ನೂ ತಿಳಿದೇ ತಿರುಗಿದರು ಎಂದು ಊಹಿಸುವುದು ನ್ಯಾಯ. ಒಬ್ಬ ಪೈಲಟ್ ಹೋರಾಟ ಮತ್ತು ವಾಪಸಾತಿಯ ನಡುವೆ ಒಂದನ್ನೇ ಆರಿಸಬೇಕಾಗಿ ಬರುವ ಆ ಗಳಿಗೆಯನ್ನು ಆದಷ್ಟು ದೂರ ತಳ್ಳುವುದೇ 78ನೇ ಸ್ಕ್ವಾಡ್ರನ್ನಿನ ಕೆಲಸ.

ಹಾಗಾದರೆ ಅಂದು ಇಂಧನ ತುಂಬುವ ಇಂಥ ಟ್ಯಾಂಕರ್ ವಿಮಾನ ಇದ್ದಿದ್ದರೆ ದೇವಯ್ಯ ಬದುಕುತ್ತಿದ್ದರೇ? ಹಾಗೆಂದು ಹೇಳಿದರೆ ಉತ್ಪ್ರೇಕ್ಷೆ. ಅವರ ಮಿಸ್ಟೇರ್‌ಗೆ ಗಾಳಿಯಲ್ಲಿ ಇಂಧನ ಪಡೆಯುವ ಕೊಳವೆಯೇ ಇರಲಿಲ್ಲ, ಸರಗೋಧಾದ ನೆತ್ತಿಯ ಮೇಲೆ ಟ್ಯಾಂಕರ್ ಕಾದು ನಿಲ್ಲುವುದೂ ಇಲ್ಲ. ಆದರೆ ವಿದ್ಯೆ ಹೊಸದಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. 1923ರ ಜೂನ್ 27ರಂದೇ ಅಮೆರಿಕದ ಸೇನೆ ಒಂದು ವಿಮಾನದಿಂದ ಇನ್ನೊಂದಕ್ಕೆ ರಬ್ಬರ್ ಪೈಪು ಇಳಿಬಿಟ್ಟು ಪೆಟ್ರೋಲು ಸುರಿದಿತ್ತು. 1934ರಲ್ಲಿ ಬ್ರಿಟನ್ನಿನ ಅಲನ್ ಕಾಬಮ್ ಗಾಳಿಯಲ್ಲೇ ಇಂಧನ ತುಂಬಿಸಿಕೊಳ್ಳುತ್ತ ಅವಿಭಜಿತ ಭಾರತದ ಕರಾಚಿಗೆ ಎಲ್ಲೂ ಇಳಿಯದೆ ಬರಲು ಹೊರಟು, ಎಂಜಿನ್ನಿನ ಥ್ರಾಟಲ್ ಕೆಟ್ಟು ಮಾಲ್ಟಾದಲ್ಲಿ ಇಳಿಯಬೇಕಾಯಿತು. ಇಂದು ನಮ್ಮ ಟ್ಯಾಂಕರ್‌ಗಳಲ್ಲಿರುವ ಬುಟ್ಟಿ-ಪೈಪಿನ ವ್ಯವಸ್ಥೆ ಅವರ ಕಂಪನಿಯೇ ರೂಢಿಗೆ ತಂದದ್ದು.

78ನೇ ಸ್ಕ್ವಾಡ್ರನ್ನಿನ ಬಳಿ ಉಜ್ಬೇಕಿಸ್ತಾನದಿಂದ ತರಿಸಿದ ಆರು ಇಲ್ಯೂಷಿನ್-78 ವಿಮಾನಗಳಿವೆ, ಪ್ರತಿಯೊಂದರಲ್ಲೂ ಮೂರು ಪೈಪು. ಪೈಪಿನ ತುದಿಗೆ ಬ್ಯಾಡ್ಮಿಂಟನ್ ಕಾಕಿನಂಥ ಬುಟ್ಟಿ. ಹಿಂದಿನಿಂದ ಬರುವ ಫೈಟರ್ ತನ್ನ ಮೂತಿಯ ಪಕ್ಕದ ಕೊಳವೆಯನ್ನು ಅದರೊಳಗೆ ತೂರಿಸಬೇಕು. ಬುಟ್ಟಿಯನ್ನೇ ನೋಡುತ್ತಾ ಹೋದರೆ ಕೆಲಸ ಕೆಟ್ಟಿತು. ಮೂತಿ ತಳ್ಳಿದ ಗಾಳಿಗೆ ಬುಟ್ಟಿ ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ಪೈಲಟ್ ಕಣ್ಣಿಡುವುದು ಟ್ಯಾಂಕರ್ ಮೈಮೇಲಿನ ಗುರುತುಗಳ ಮೇಲೆ. 2018ರ ಸೆಪ್ಟೆಂಬರ್ 10ರಂದು ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ತೇಜಸ್ ಮೊದಲ ಸಲ ಹೀಗೆ ಇಂಧನ ಪಡೆಯಿತು: 20,000 ಅಡಿ ಎತ್ತರ, ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗ, 1900 ಕಿಲೋ ಇಂಧನ. ಮಳೆಗಾಲದ ಗಾಳಿಗೆ ತೂಗುವ ಬಳ್ಳಿಗೆ ಕಟ್ಟಿದ ಸೂಜಿಗೆ ಓಡುತ್ತಾ ಓಡುತ್ತಾ ದಾರ ಪೋಣಿಸುವಂಥ ಕೆಲಸ.

ಶತ್ರು ಪಕ್ಕದಲ್ಲೇ ಇರುವಾಗ ನಮಗೇಕೆ ದೂರ ಹಾರುವ ಚಿಂತೆ ಎಂಬ ಆಕ್ಷೇಪಕ್ಕೆ ಒಂದು ಉತ್ತರ ಲೇಹ್‌ನಲ್ಲಿದೆ. ಅಲ್ಲಿನ ರನ್‌ವೇ 10,000 ಅಡಿಗೂ ಎತ್ತರದಲ್ಲಿದೆ, ಗಾಳಿ ತೆಳು. ಅಲ್ಲಿ ಶಸ್ತ್ರವನ್ನೂ ಇಂಧನವನ್ನೂ ಪೂರ್ತಿ ಹೇರಿಕೊಂಡು ಏಳಲಾಗದು. ಟ್ಯಾಂಕರ್ ಇದ್ದರೆ ಇಂಧನ ಕಡಿಮೆ ಹಾಕಿಕೊಂಡು ಎದ್ದು, ಮೇಲೆ ಹೋದ ಮೇಲೆ ತುಂಬಿಸಿಕೊಳ್ಳಬಹುದು. ಇನ್ನೊಂದು ಉತ್ತರ ಪಾಕಿಸ್ತಾನದ ಬಾಲಾಕೋಟ್ ಮೇಲಿನ ದಾಳಿ. 2019ರಲ್ಲಿ ನಮ್ಮ ಮಿರಾಜ್ ಫೈಟರ್‌ಗಳು ಗಡಿಯ ಪಕ್ಕದಿಂದಲ್ಲ, ದೂರದ ಗ್ವಾಲಿಯರ್‌ನಿಂದ ಬಳಸು ದಾರಿಯಲ್ಲಿ ಹೋಗಲು ಸಾಧ್ಯವಾದದ್ದು ಆಗ್ರಾದ ಟ್ಯಾಂಕರ್ ಜತೆಗಿದ್ದದ್ದರಿಂದ. ಟ್ಯಾಂಕರ್ ದಪ್ಪ, ನಿಧಾನ, ಶತ್ರುವಿಗೆ ಸುಲಭದ ತುತ್ತು ಎಂಬ ಮಾತು ಮಾತ್ರ ನಿಜ, ಅದಕ್ಕೆ ಪೂರ್ತಿ ಸಮಾಧಾನವಿಲ್ಲ. ಹಿಂದೆ ನಿಲ್ಲಿಸಬೇಕು, ಕಾವಲಿಡಬೇಕು, ಒಂದು ಹೋದರೆ ಇನ್ನೊಂದಿರಬೇಕು.

ಆ ‘ಇನ್ನೊಂದು’ ಎಲ್ಲಿದೆ ಎಂಬುದೇ ಕೊರಗು. 2010ರಿಂದ 2016ರವರೆಗಿನ ಲೆಕ್ಕ ನೋಡಿದ ಸರ್ಕಾರಿ ಲೆಕ್ಕ ತಪಾಸಣಾ ಸಂಸ್ಥೆ ಸಿಎಜಿ, ನೂರಕ್ಕೆ 70ರಷ್ಟು ಸಜ್ಜಾಗಿರಬೇಕಿದ್ದ ಈ ವಿಮಾನಗಳು 49ರಷ್ಟು ಮಾತ್ರ ಸಜ್ಜಾಗಿದ್ದವು ಎಂದು ಬರೆಯಿತು. ಅಂದರೆ ಆರರಲ್ಲಿ ಮೂರು. ಹೊಸದಾಗಿ ಆರು ಏರ್‌ಬಸ್ ಟ್ಯಾಂಕರ್ ಕೊಳ್ಳುವ ಟೆಂಡರ್ 2010ರಲ್ಲಿ ರದ್ದಾಯಿತು, ಮತ್ತೆ ಕರೆದದ್ದು 2016ರಲ್ಲಿ ರದ್ದಾಯಿತು. ಬೆಲೆ ಹೆಚ್ಚೆಂಬ ಹಣಕಾಸು ಇಲಾಖೆಯ ತಕರಾರನ್ನು ತಳ್ಳಿಹಾಕುವಂತಿಲ್ಲ. ಬಡ ದೇಶಕ್ಕೆ ಪ್ರತಿ ಕೋಟಿಯೂ ಲೆಕ್ಕವೇ. ಆದರೆ ಫೈಟರ್‌ಗಳನ್ನು ಕೊಂಡು ಟ್ಯಾಂಕರ್ ಕೊಳ್ಳದಿರುವುದು, ಕೋವಿ ಕೊಂಡು ತೋಟಾ ಕೊಳ್ಳದೆ ಬರುವ ಜಾಣತನ. 2025ರ ನವೆಂಬರ್‌ನಲ್ಲಿ, ಪೈಲಟ್‌ಗಳ ತರಬೇತಿಗೆಂದು, ಅಮೆರಿಕದ ಖಾಸಗಿ ಕಂಪನಿಯೊಂದರ ಬೋಯಿಂಗ್ ಕೆಸಿ-135 ಟ್ಯಾಂಕರ್ ಬಾಡಿಗೆಯ ಮೇಲೆ ಆಗ್ರಾಕ್ಕೆ ಬಂದಿಳಿಯಿತು. ಆ ಮಾದರಿಯ ಕೊನೆಯ ವಿಮಾನ ಕಾರ್ಖಾನೆಯಿಂದ ಹೊರಬಿದ್ದದ್ದು 1965ರ ಜನವರಿಯಲ್ಲಿ, ಆದಂಪುರದಿಂದ ದೇವಯ್ಯ ಎದ್ದು ಹೋಗುವುದಕ್ಕೆ ಎಂಟು ತಿಂಗಳು ಮೊದಲು.